ಐವತ್ತೆಂಟು ಅಂಕದ ಆಟ

2025ರ ಫೆಬ್ರುವರಿ 9, ಭಾನುವಾರ, ಬೆಳಗ್ಗೆ 10 ಗಂಟೆ 40 ನಿಮಿಷ. ವಿದ್ಯಾನಗರದ ಬಾಡಿಗೆ ಮನೆಯಲ್ಲಿ ಅತುಲ ಎರಡನೆಯ ಕುರ್ಚಿಯ ಮೇಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ನೆಲಕ್ಕಿಳಿಸಿ, ಬಂದವಳನ್ನು ಕೂರಿಸಿದ. ಬಂದವಳು ಯಶೋಧರಾ. ಅವಳೂ ಅವಳ ಅಣ್ಣ ಗೌತಮನೂ ಸೇರಿ ಮಾಡಿದ ‘ಉಳ್ಳಾಗಡ್ಡಿ ಟೆಂಪೊ’ ಎಂಬ ಕಂಪ್ಯೂಟರ್ ಆಟಕ್ಕೆ ಅತುಲ ತನ್ನ ಬ್ಲಾಗಿನಲ್ಲಿ ನೂರಕ್ಕೆ ಐವತ್ತೆಂಟು ಅಂಕ ಕೊಟ್ಟು ಹದಿನೈದು ದಿನವಾಗಿತ್ತು.

“ಜಗಳಕ್ಕ ಬಂದೇನಿ ಅನ್ಕೋಬ್ಯಾಡ್ರಿ ಸರ್. ನಿಮ್ಮಷ್ಟು ಕೂತು ಆಡಿ ಬರದವ್ರು ಯಾರೂ ಇಲ್ಲ. ಇನ್ನೊಬ್ಬಾಂವ ‘ಬಿದ್ದು ಬಿದ್ದು ನಕ್ಕೆ’ ಅಂತ ಬರದಾನ. ನಮ್ಮದು ನಗೂ ಆಟ ಅಲ್ರಿ.”

“ಟೆಂಪೊದಾಗಿನ ಚೀಲ ಗಾಳ್ಯಾಗ ತೇಲ್ತಾವಲ್ಲ, ಅದಕ್ಕ ನಕ್ಕಿರಬೇಕು.”

“ಈಗ ತೇಲಂಗಿಲ್ರಿ. ರಿಪೇರಿ ಆತು.”

ಅತುಲ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಸಣ್ಣಪುಟ್ಟ ಆಟಗಳನ್ನೂ ಪಟ್ಟಿ ಹಾಕಿಯೇ ಅಳೆಯುತ್ತಿದ್ದ. ಈ ಆಟ ಅರ್ಧ ಚೆನ್ನಾಗಿತ್ತು. ಅಮರಗೋಳದ ಮಾರುಕಟ್ಟೆಯಿಂದ ಈರುಳ್ಳಿ ಚೀಲ ಹೇರಿಕೊಂಡು ಹೊರಟ ಟೆಂಪೊ ತಿರುವಿನಲ್ಲಿ ವಾಲುವ ರೀತಿಗೆ ಅವನು ಪೂರ್ತಿ ಅಂಕ ಕೊಟ್ಟಿದ್ದ. ಉಳಿದರ್ಧ ಕಚ್ಚಾ. ದಾರಿಯ ನಡುವೆ ಒಂದು ಚಹದಂಗಡಿ. ಟೆಂಪೊ ನಿಲ್ಲಿಸಿದರೆ ಒಬ್ಬ ಮುದುಕಿ ಏಳು ಮಾತು ಆಡುತ್ತಾಳೆ, ಮುಗಿದ ಮೇಲೆ ಮತ್ತೆ ಅವೇ ಏಳು. ‘ಚಹದಂಗಡಿ ಆಟದ ಓಟವನ್ನು ತಡೆಯುತ್ತದೆ. ತೆಗೆದುಹಾಕುವುದು ಒಳ್ಳೆಯದು’ ಎಂದು ಬರೆದಿದ್ದ.

ಆದರೆ ಒಂದೂವರೆ ತಿಂಗಳ ಹಿಂದೆ ಆಟ ಕೈಗೆ ಬಂದಾಗಿನಿಂದ ಪ್ರತಿ ಸಂಜೆ ಕಾಲೇಜಿನಿಂದ ಬಂದು, ಚಹ ಸೋಸಿಕೊಂಡು, ಅವನು ಹೋಗಿ ಕೂರುತ್ತಿದ್ದುದು ಅದೇ ಅಂಗಡಿಯಲ್ಲಿ. ಹಾಗೆ ಬರೆದ ದಿನವೂ ಅಲ್ಲಿಗೇ ಹೋಗಿದ್ದ. “ಯಾಕ ತಡಾ ಮಾಡಿದಿ? ಕುಂದ್ರು, ಆರಿ ಹೋಗ್ತೈತಿ” ಎಂದು ಮುದುಕಿ ಗದರುತ್ತಿದ್ದಳು. ಅವನು ತಡವಾಗಿ ಬಂದದ್ದನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ. ಅಂಗಡಿ ತನಗೆ ಅಷ್ಟೊಂದು ಹಿಡಿಸಿದ್ದರಿಂದಲೇ ಅವನಿಗೆ ಅದರ ಮೇಲೆ ಸಂಶಯ. ಅಳೆಯುವವನ ಒಲವು ಅಳತೆಯಲ್ಲಿ ಸೇರಬಾರದೆಂದು ಎಂಟು ಅಂಕ ಕಳೆದಿದ್ದ.

“ಚಾದಂಗಡಿ ಬಗ್ಗೆ ನೀವು ಬರದದ್ದು ಖರೇ ಐತಿ ಅಂತ ನಮ್ಮಣ್ಣ ಪಟ್ಟು ಹಿಡದಾನ್ರಿ,” ಎಂದಳು ಯಶೋಧರಾ. “ಬುಧವಾರ ಹೊಸಾ ಅಪ್‌ಡೇಟ್ ಬಿಡಾಕತ್ತೇವಿ. ಅದರಾಗ ಅಂಗಡಿ ಇರಂಗಿಲ್ಲ.”

ಅತುಲ ನೆಲದ ಮೇಲಿನ ಕಟ್ಟನ್ನು ಕಾಲಿನಿಂದ ಗೋಡೆಯತ್ತ ಸರಿಸಿದ. “ನಿಮಗ ಏನ ಅನಸ್ತದ?”

“ನನಗ ಇರ್ಲಿ ಅಂತೈತಿ. ಅದಕ್ಕ ಬಂದೇನ್ರಿ. ‘ಅಂಗಡಿ ಇರಬೇಕು, ಇಂಥಾ ಕಾರಣಕ್ಕ’ ಅಂತ ನೀವು ಒಂದು ಸಾಲು ತಿದ್ದಿ ಬರದ್ರ ಸಾಕು, ಅಣ್ಣ ಬಾಯಿ ಮುಚ್ಕೋತಾನ. ನಾ ಹೇಳಿದ್ರ ಕೇಳಂಗಿಲ್ಲ, ಅಂಕಿ ತೋರಸ್ತಾನ.” ಅವಳು ಲ್ಯಾಪ್‌ಟಾಪ್ ಅವನತ್ತ ತಿರುಗಿಸಿದಳು. “ನೋಡ್ರಿ, ಮುನ್ನೂರಾ ನಲವತ್ತು ಮಂದಿ ಆಡ್ಯಾರ. ಅಂಗಡ್ಯಾಗ ಒಂದು ನಿಮಿಷ ಸೈತ ಯಾರೂ ಕುಂತಿಲ್ಲ. ಒಬ್ಬರನ್ನ ಬಿಟ್ಟು.”

“ಯಾರವ್ರು?”

“ಹೆಸರು ಬರಂಗಿಲ್ರಿ. ಇಪ್ಪತ್ತಾರು ತಾಸು ಕುಂತಾರ! ಆಟ ಚಾಲೂ ಇಟ್ಟು ಊರಿಗೆ ಹೋಗಿರಬೇಕು ಅಂತಾನ ಅಣ್ಣ. ನನಗ ಹಂಗ ಅನಸಂಗಿಲ್ಲ. ದಿನಾ ಸಂಜಿ ಆರಕ್ಕ ಬರ್ತಾರ, ಏಳರೊಳಗ ಹೋಗ್ತಾರ.”

ಒಂದು ಸಾಲು. ಅದಕ್ಕೆ ಕಾರಣ ಕೊಡಬೇಕು, ಕಾರಣ ಇದ್ದದ್ದು ಒಂದೇ. ಅದನ್ನು ಬರೆದರೆ ಅವನ ಸಂಜೆಗಳು ಸಹೋದ್ಯೋಗಿಗಳೂ ವಿದ್ಯಾರ್ಥಿಗಳೂ ಓದುವ ಪುಟಕ್ಕೆ ಬರುತ್ತಿದ್ದವು. ಅತುಲ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ.

“ಲ್ಯಾಬಿನ್ಯಾಗ ಒಂದು ರೀಡಿಂಗ್ ಉಳಿದದ್ದಕ್ಕಿಂತ ಭಾಳ ದೂರ ಬಿತ್ತಂದ್ರ ಅದನ್ನ ಬಿಟ್ಟುಬಿಡ್ರಿ ಅಂತ ಹುಡುಗರಿಗೆ ಹೇಳ್ತೇವಿ,” ಎಂದ. “ನೀವೂ ಬಿಟ್ಟುಬಿಡ್ರಿ.”

“ರೀಡಿಂಗ್ ಏನ್ರಿ ಸರ್? ಯಾರೋ ಒಬ್ಬ ಮನಷ್ಯಾ ಅಲ್ಲೇನ್ರಿ?”

ಅತುಲ ಕನ್ನಡಕ ಮತ್ತೆ ಹಾಕಿಕೊಂಡ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಮೆಟ್ಟಿಲು ಇಳಿಯುವ ಮೊದಲು ಚಪ್ಪಲಿ ಹಾಕಿಕೊಳ್ಳುತ್ತ, “ಆ ಮುದುಕಿಗೆ ದನಿ ಕೊಟ್ಟಾಕಿ ನಮ್ಮ ಬಾಜೂ ಮನಿ ರೆಹಮತ್‌ಬಿ ಸರ್,” ಎಂದಳು. “ಅಕಿಗೆ ಚಾ ಮಾಡಾಕ ಬರಂಗಿಲ್ಲ, ಬಯ್ಯಾಕ ಮಾತ್ರ ಭಾಳ ಛಲೋ ಬರ್ತೈತಿ. ಒಮ್ಮೆ ಬರ್ರಿ ಸರ್, ಖರೇನ.”

“ಪೇಪರ್ ತಿದ್ದೋದು ಅದರಿ,” ಎಂದ ಅತುಲ.

ಬುಧವಾರ ಸಂಜೆ ಅಪ್‌ಡೇಟ್ ಹಾಕಿಕೊಳ್ಳದೆ ಆಟ ತೆರೆದುಕೊಳ್ಳಲಿಲ್ಲ. ಹಾಕಿಕೊಂಡ. ಅಂಗಡಿಯಿದ್ದ ಜಾಗದಲ್ಲಿ ತಂತಿಬೇಲಿ ಬಂದಿತ್ತು. ಟೆಂಪೊ ಎಲ್ಲಿಯೂ ನಿಲ್ಲದೆ, ಒಂದು ಚೀಲವೂ ತೇಲದೆ, ದಾರಿಯ ಕೊನೆಯ ದುರ್ಗದಬೈಲನ್ನು ಮುಟ್ಟಿತು. ಅತುಲ ಪಟ್ಟಿ ತೆರೆದು, ಕಳೆದಿದ್ದ ಎಂಟು ಅಂಕಗಳನ್ನು ಮರಳಿ ಸೇರಿಸಿ, ಅರವತ್ತಾರು ಎಂದು ಬರೆದ. ಪಟ್ಟಿಯಲ್ಲಿ ತುಂಬಲು ಉಳಿದದ್ದು ಒಂದೇ ಚೌಕ: ಆಟ ಕಂಪ್ಯೂಟರಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ. ಹೊಸ ಅಂಕಿಯನ್ನು ಹಳೆಯದರ ಪಕ್ಕ ಬರೆದು ಕಳೆದು ನೋಡಿದ. ಆಟ ಮೊದಲಿಗಿಂತ 14 ಎಂಬಿ ಕಡಿಮೆಯಾಗಿತ್ತು.