ಈಜಿನ ಮೇಷ್ಟ್ರು

ಬೇಸಿಗೆ ರಜೆಗೆ ತಾತನ ಊರಿಗೆ ಬಂದ ತನುಜಾಳಿಗೆ ಈಜು ಕಲಿಯುವ ಆಸೆಯಾಯಿತು. ತೋಟದ ಬಾವಿಯಲ್ಲಿ ತನ್ನ ಮಕ್ಕಳಿಗೆ ಈಜು ಕಲಿಸುತ್ತಿದ್ದ ಸೋದರಮಾವ, "ಇವಳನ್ನೂ ನನ್ನ ಜೊತೆ ಬಿಡಿ ಭಾವ" ಎಂದ. ಅಪ್ಪ ಅಳಿಯನ ಗತ್ತು ಬಿಡಲಿಲ್ಲ. "ನನ್ನ ಮಗಳಿಗೆ ನಾನೇ ಕಲಿಸ್ತೀನಿ" ಎಂದು ಅವಳ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಬಾವಿಯ ಮೆಟ್ಟಿಲ ಮೇಲೆ ಕೂತರು.

"ಕಾಲು ಬಡಿ. ಗದ್ದ ಎತ್ತು. ನೀರನ್ನ ಹಿಂದಕ್ಕೆ ತಳ್ಳು."

ಅಪ್ಪ ಹೇಳಿದಂತೆಲ್ಲ ಮಾಡಿದಳು. ಮೂಗು ಬಾಯಿಗೆಲ್ಲ ನೀರು ಹೋಯಿತು. ವಾರ ಕಳೆಯುವಷ್ಟರಲ್ಲಿ ಮೈ ತಾನಾಗಿಯೇ ತೇಲತೊಡಗಿತು. ಆದರೂ ಅಪ್ಪ ಹಗ್ಗ ಬಿಡಲೊಲ್ಲರು. ಮಾವನ ಮಕ್ಕಳು ಹಗ್ಗವಿಲ್ಲದೆ ಈಜುವುದನ್ನು ನೋಡಿದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು. ಅಪ್ಪನಿಗೆ ತನ್ನ ಮೇಲೆ ನಂಬಿಕೆಯೇ ಇಲ್ಲ ಅನ್ನಿಸಿ, ಒಂದು ಬೆಳಿಗ್ಗೆ ಸೊಂಟದ ಹಗ್ಗವನ್ನು ತಾನೇ ಕಳಚಿ ಎದುರು ಗೋಡೆಯತ್ತ ಈಜಿಬಿಟ್ಟಳು.

ಗೋಡೆ ಮುಟ್ಟಿ ವಾಪಸ್ ಬಂದಾಗ ನೀರಿನಂಚಿನ ಮೆಟ್ಟಿಲಿಗೆ ಇಳಿದು ನಿಂತಿದ್ದ ಅಪ್ಪ ಅವಳ ತೋಳು ಹಿಡಿದು ಸರಕ್ಕನೆ ಮೇಲೆಳೆದುಕೊಂಡರು.

"ನಾನು ಮುಳುಗಿದ್ರೆ ನೀವು ಹಾರಿ ಎತ್ತುತ್ತಿದ್ರಲ್ಲಪ್ಪ, ಇಷ್ಟ್ಯಾಕೆ ಹೆದರಿದ್ರಿ?"

ಅಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನನಗೆ ಈಜು ಬರಲ್ಲ ಕಣೇ."

ತನುಜಾ ನಗು ತಡೆಯಲಾರದೆ ಅವರ ಪಕ್ಕದಲ್ಲೇ ಕುಸಿದು ಕೂತಳು. "ಹಾಗಾದ್ರೆ ಇಷ್ಟು ದಿನ ನನಗೆ ಹೇಗೆ ಹೇಳಿಕೊಟ್ರಿ?"

"ನಿನ್ನ ಮಾವ ಆ ಕಡೆ ಅವನ ಮಕ್ಕಳಿಗೆ ಹೇಳ್ತಿದ್ದದ್ದನ್ನೇ ನಾನು ಈ ಕಡೆ ನಿನಗೆ ಹೇಳ್ತಿದ್ದೆ."