ಕೆಂಪು ಸಾಲು

“ನಮ್ಮಮ್ಮ ತೀರಿಕೊಂಡು ತಿಂಗಳಾಯ್ತು, ಖಾತೆನೂ ಮುಚ್ಚಿಸಾಯ್ತು ಕಣ್ರೀ! ದಿನಾ ಮಾತ್ರೆ ತಗೊಂಡ್ರಾ ಅಂತ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?” ಮರ್ಫಿ ಟೌನಿನಿಂದ ಬಂದಿದ್ದ ಮುನಿಶಾಮಿ ಇಂದಿರಾನಗರದ ಔಷಧಿ ಆ್ಯಪ್ ಕಂಪನಿಯ ಆಫೀಸಿನ ಮೇಜಿನ ಮೇಲೆ ಫೋನು ಕುಕ್ಕಿದ. ಪರದೆಯಲ್ಲಿ ಅವರ ಆ್ಯಪಿನ ಮೆಸೇಜು: ‘ದೊಡ್ಡಮುನಿಯಮ್ಮನವರೇ, ಮಾತ್ರೆ ತಗೊಂಡ್ರಾ?’ ಕೆಳಗೆ ‘ಹೌದು’, ‘ಇಲ್ಲ’ ಅಂತ ಎರಡು ಬಟನ್ನು.

ಟೀಮ್ ಲೀಡ್ ಸೂರ್ಯ ಎಲ್ಲರೆದುರೇ ಪ್ರೋಗ್ರಾಮರ್ ಹೇಮಶ್ರೀ ಮೇಲೆ ಹರಿಹಾಯ್ದ. “ಖಾತೆ ಮುಚ್ಚಿದವರಿಗೂ ಮೆಸೇಜ್ ಕಳಿಸೋ ಆ ಹಳೇ ಫೈಲ್ ಡಿಲೀಟ್ ಮಾಡಿದೀನಿ ಅಂದಿದ್ಯಲ್ಲ? ಸಾರಿ ಕೇಳು ಅವರನ್ನ.”

ಹೇಮಶ್ರೀ ಸಾರಿ ಕೇಳಲಿಲ್ಲ. ತಾನು ಅವನಿಗೆ ಕಳಿಸಿದ್ದ ಪ್ಯಾಚ್, ಅಂದರೆ ಕೋಡ್ ಬದಲಾವಣೆಗಳ ಪಟ್ಟಿ, ತೆರೆದು ಲ್ಯಾಪ್‌ಟಾಪನ್ನು ಅವನ ಮುಖಕ್ಕೆ ತಿರುಗಿಸಿದಳು. ಸೇರಿಸಬೇಕಾದ ಹೊಸ ಫೈಲಿನ ಸಾಲುಗಳೆಲ್ಲ ಹಸಿರು. ಅದರ ಕೆಳಗೆ ಅಳಿಸಬೇಕಾದ ಹಳೇ ಫೈಲಿನ ಒಂದೊಂದು ಸಾಲಿಗೂ ಮೈನಸ್ ಗುರುತು, ಪೂರ್ತಿ ಕೆಂಪು. “ಅಳಿಸಿದ್ದೂ ಇದರಲ್ಲೇ ಇದೆ. ನೀವು ಪ್ಯಾಚ್ ಅಪ್ಲೈ ಮಾಡಿದ್ರಾ, ಇಲ್ಲಾ ಹಸಿರು ಮಾತ್ರ ಕಾಪಿ ಹೊಡೆದ್ರಾ?”

ಸೂರ್ಯನ ದನಿ ಇಳಿಯಿತು. “ಪ್ಯಾಚ್ ಎರರ್ ಕೊಡ್ತು. ಹೊಸ ಫೈಲ್ ತಗೊಂಡು ಫೋಲ್ಡರಿಗೆ ಹಾಕ್ದೆ. ಕೆಂಪಲ್ಲಿ ಕಾಪಿ ಮಾಡೋಕೆ ಏನಿರುತ್ತೆ ಗುರು?”

“ಏನೂ ಇರಲ್ಲ, ಅದು ಅಳಿಸೋಕೆ ಇರೋದು. ನೀವು ಅಳಿಸ್ಲೇ ಇಲ್ಲ, ಅದಕ್ಕೇ ಹಳೇದು ಇನ್ನೂ ಅಲ್ಲೇ ಕೂತಿದೆ!”

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಮತ್ತೆ ಗುಂಯ್‌ಗುಟ್ಟಿತು. ಅದೇ ಪ್ರಶ್ನೆ, ಅವೇ ಎರಡು ಬಟನ್ನು. ಮುನಿಶಾಮಿ ಅದನ್ನೆತ್ತಿ ಸೂರ್ಯನ ಕೈಗೆ ತುರುಕಿದ.

“ತಗೊಳ್ಳಿ, ಈ ಸಲ ನೀವೇ ಒತ್ತಿ. ನಾನು ದಿನಾ ‘ಇಲ್ಲ’ ಅಂತಾನೇ ಒತ್ತಿದೀನಿ. ಇಲ್ಲ ಅಂದ್ರೆ ಇಲ್ಲ ಅಂತ ನಿಮಗೆ ಅರ್ಥ ಆಗಲ್ವೇನ್ರೀ?”