ಕರಗದ ಮೇಸ್ತ್ರಿ

ಮೇಸ್ತ್ರಿಯ ಹೆಸರು ಬರುವ ಜಾಗದಲ್ಲಿ ಹಾಡು ತಟ್ಟನೆ ನಿಂತುಬಿಟ್ಟಿತು. ರೈಲು ಹಳಿಯಡಿ ಹಾರೆ ಕೊಟ್ಟಿದ್ದ ಆಳುಗಳೂ ಹಾಗೇ ನಿಂತರು. ಮುರಿದ ಕಾಲು ಚಾಚಿಕೊಂಡು ಗಾಡಿಯಲ್ಲಿ ಮಲಗಿದ್ದ ಕಲಿನನ್ ತಲೆಯೆತ್ತಿದ. ಅಮೆರಿಕದ ವಯೋಮಿಂಗ್ ಬಯಲಿನಲ್ಲಿ ಅವನ ಮೇಸ್ತ್ರಿಕೆ ಇವತ್ತಿಗೆ ಮುಗಿದಿತ್ತು. ಹೊಸ ಮೇಸ್ತ್ರಿ ಗೆರಿಟಿ ಆಗಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

ಬೇಸಗೆಯುದ್ದಕ್ಕೂ ಕಲಿನನ್ ತನ್ನನ್ನು ಅಣಕಿಸುವ ಈ ಹಾಡಿನ ಮೇಲೆ ಕೆಂಡ ಕಾರಿದ್ದ. "ಬೆಟ್ಟ ಕರಗೀತು, ಬಂಡೆ ಕರಗೀತು, ಕರಗದವನು ಯಾರಣ್ಣಾ?" ಎಂದು ಹಾಡುಗಾರ ಟೂಹಿ ರಾಗ ಎಳೆದರೆ, "ಕಲಿನನ್!" ಎಂದು ಎಲ್ಲರೂ ಕೂಗಿ ಹಾರೆ ಮೀಟುತ್ತಿದ್ದರು. ಆ ಹೆಸರಿಗೇ ಹಳಿ ಜರುಗುತ್ತಿತ್ತು.

"ಯಾಕ್ರೋ ನಿಂತ್ರಿ? ನನ್ ಹೆಸ್ರು ಗೊತ್ತಿಲ್ವಾ?" ಗೆರಿಟಿ ಗದರಿದ.

"ಗೊತ್ತು ಮೇಸ್ತ್ರಿ." ಟೂಹಿಯ ಕಣ್ಣು ಗಾಡಿಯ ಕಡೆಗಿತ್ತು. "ಆದ್ರೆ ಬಯ್ಯೋಕೂ ಒಂದು ಸಲುಗೆ ಬೇಕಲ್ಲ."

ಗಾಡಿ ಹೊರಡದಂತೆ ಕಲಿನನ್ ಗಾಡಿಯವನ ಕೈಯಿಂದ ಲಗಾಮು ಕಿತ್ತುಕೊಂಡ. "ಥೂ ಸೋಮಾರಿಗಳಾ! ಇನ್ನೊಂದ್ಸಲ ಹಾಡೋ, ಟೂಹಿ!"

ಟೂಹಿ ಮತ್ತೆ ಬೆಟ್ಟ ಕರಗಿಸಿದ, ಬಂಡೆ ಕರಗಿಸಿದ. "ಕರಗದವನು ಯಾರಣ್ಣಾ?"

ಕಲಿನನ್ ತೋಳಿನಿಂದ ಕಣ್ಣೊರೆಸಿಕೊಂಡು, ಗಂಟಲು ಕಿತ್ತುಹೋಗುವಂತೆ ತನ್ನ ಹೆಸರನ್ನು ತಾನೇ ಕೂಗಿದ.

ಹಳಿ ಜರುಗಿತು.